ಹಕ್ಕಿಗೆ ಗಡಿಯಿಲ್ಲ ಎನ್ನುವವರಿಗೆ

ಗಡಿನಾಡಿನ ಯಾವ ವಾರ್ಷಿಕ ಸಂಚಿಕೆಯನ್ನು ತೆರೆದರೂ ಹಕ್ಕಿಯ ಮೇಲೊಂದು ಕವಿತೆ ಇದ್ದೇ ಇರುತ್ತದೆ. ಹಕ್ಕಿಗೆ ಭಾಷೆಯಿಲ್ಲ, ಹಕ್ಕಿಗೆ ಗಡಿಯಿಲ್ಲ, ಎಲೈ ಮನುಜಾ ನೀನೇಕೆ ಹೀಗಾದೆ ಎಂಬ ಧಾಟಿಯ ಕವಿತೆ. ಸಭೆ ಸಮಾರಂಭಗಳಲ್ಲಿ ಇದೇ ಮಾತು ಗದ್ಯವಾಗಿ ಬರುತ್ತದೆ. ದೂರದ ರಾಜಧಾನಿಯಿಂದ ದಯಮಾಡಿಸಿದ ಮುಖ್ಯ ಅತಿಥಿಗಳು ಹಾರ ತುರಾಯಿ ಸ್ವೀಕರಿಸಿ, ಗಂಟಲು ಸರಿಪಡಿಸಿಕೊಂಡು, "ಗಡಿನಾಡಿನ ಬಂಧುಗಳೇ, ನೀವು ಹಕ್ಕಿಗಳಂತೆ ಇರಬೇಕು" ಎನ್ನುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ರೈಲಿನ ಹೊತ್ತಾಗುತ್ತದೆ, ಅತಿಥಿಗಳು ಹಾರಿ ಹೋಗುತ್ತಾರೆ. ಅವರಿಗೆ ಹಿಂತಿರುಗಲು ಊರಿದೆ, ಆ ಊರಿನ ಬೋರ್ಡುಗಳೆಲ್ಲ ಅವರ ಭಾಷೆಯಲ್ಲೇ ಇವೆ.

ನಾನು ಮಿರಜಿನವನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ದರ್ಗಾದ ಓಣಿಯಲ್ಲಿ ದಖನಿ ಉರ್ದು. ಹೀಗೆ ಬೆಳೆದವರು ನಮ್ಮಲ್ಲಿ ಸಾವಿರಾರು. ಮಾಸ್ತರಿಕೆ ಮುಗಿಸಿದ ಮೇಲೆ ಹಕ್ಕಿ ನೋಡುವ ಚಟ ಹತ್ತಿದೆ. ನೋಡಿದಷ್ಟೂ, ಓದಿದಷ್ಟೂ ಈ ಕವಿತೆಗಳ ಮೇಲೆ ಸಿಟ್ಟು ಬರುತ್ತದೆ. ಹಕ್ಕಿಗೆ ಗಡಿಯಿಲ್ಲ ಎನ್ನುವುದು ಶುದ್ಧ ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಕವಿಸಮಯವೆಂದು ಬಿಟ್ಟುಬಿಡಬಹುದಿತ್ತು. ಹಕ್ಕಿಯನ್ನು ಅದರ ಜಾಗದಿಂದ ಎಬ್ಬಿಸುವವರೂ ಇದೇ ಮಾತನ್ನು ಆಡುತ್ತಾರೆ. ಅದಕ್ಕಾಗಿ ಈ ಲೇಖನ.

ಮೊದಲು ಮನೆಯ ಹಿತ್ತಿಲಿನಿಂದಲೇ ಶುರು ಮಾಡೋಣ. ಮಾರ್ಚ್ ಬಂತೆಂದರೆ ಬೆಳಗಿನ ಜಾವ, ಇನ್ನೂ ಹಾಲಿನವನು ಬಾರದ ಹೊತ್ತಿಗೆ, ಮಿರಜಿನ ಮಾಳಿಗೆಗಳ ಮೇಲೆ ಕಪ್ಪು ಬಿಳುಪಿನ ಒಂದು ಹಕ್ಕಿ ಬಾಲವೆತ್ತಿ ಹಾಡತೊಡಗುತ್ತದೆ. ಕನ್ನಡದಲ್ಲಿ ಇದು ಮಡಿವಾಳ ಹಕ್ಕಿ. ಕಾಸರಗೋಡಿನ ಓದುಗರಿಗೆ ಇದರ ಮಲೆಯಾಳ ಹೆಸರು ಗೊತ್ತಿರುತ್ತದೆ: ಮಣ್ಣಾತ್ತಿಪ್ಪುಳ್ಳ್. ಮಣ್ಣಾತ್ತಿ ಎಂದರೂ ಬಟ್ಟೆ ಒಗೆಯುವವಳೇ. ಕೃಷ್ಣೆಯ ದಂಡೆಯವರೂ ಚಂದ್ರಗಿರಿಯ ದಂಡೆಯವರೂ ಒಂದೇ ಹಕ್ಕಿಯನ್ನು ಕಂಡು ಒಂದೇ ಕಸುಬನ್ನು ನೆನೆದಿದ್ದಾರೆ. ಮರಾಠಿಯವರು ಮಾತ್ರ ದಯಾಳ ಎಂದು ಕರೆದು ಅದಕ್ಕೆ ದಯಾಗುಣ ಕೊಟ್ಟಿದ್ದಾರೆ. ಗಂಡು ಹಕ್ಕಿ ತನ್ನ ಸೀಮೆಗೆ ಕಾಲಿಟ್ಟ ಇನ್ನೊಂದು ಗಂಡನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಿದವರಿಗೆ ಆ ಹೆಸರು ಸ್ವಲ್ಪ ನಗು ತರಿಸುತ್ತದೆ.

ಆ ಹಾಡಿನ ಅರ್ಥವೇನು? ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆಸಿದ್ದ ಊರು ನಮ್ಮದು, ಸಿತಾರು ತಂಬೂರಿ ಮಾಡುವ ಊರು. ಹಾಡು ಎಂದ ಕೂಡಲೇ ಭಕ್ತಿ, ವಿರಹ, ಆನಂದ ಎಂದು ಹೇಳಿಬಿಡುವುದು ನಮಗೆ ರೂಢಿ. ಮಡಿವಾಳ ಹಕ್ಕಿ ಹಾಡುವುದು ಹೆಣ್ಣನ್ನು ಕರೆಯಲಿಕ್ಕೆ ಒಂದು, ಈ ಎರಡು ಮೂರು ಹಿತ್ತಿಲು ನನ್ನದು ಎಂದು ಸಾರಲಿಕ್ಕೆ ಇನ್ನೊಂದು. ಗೋಡೆಯ ಸಂದು, ಮರದ ಪೊಟರೆ, ಒಡೆದ ಪೈಪು ಎಲ್ಲೋ ಒಂದು ಕಡೆ ಗೂಡಿರುತ್ತದೆ. ಸುತ್ತಲಿನ ನೆಲದಲ್ಲಿ ಹುಳುಹುಪ್ಪಟೆ ಸಿಗಬೇಕು, ನಾಲ್ಕೈದು ಮರಿ ಸಾಕಬೇಕು. ಇನ್ನೊಂದು ಜೋಡಿ ಅಲ್ಲಿ ಹೊಕ್ಕರೆ ಇಬ್ಬರ ಮರಿಗಳಿಗೂ ಹೊಟ್ಟೆಗಿಲ್ಲ. ಆದ್ದರಿಂದ ಆಂಟೆನಾದ ತುದಿ, ತೆಂಗಿನ ತುದಿ, ನೀರಿನ ಟಾಕಿ ಹೀಗೆ ಎತ್ತರದ ಜಾಗಗಳಲ್ಲಿ ಕುಳಿತು ಹಾಡಿ ತನ್ನ ಸೀಮೆಯನ್ನು ಗುರುತು ಹಾಕುತ್ತದೆ. ನಮ್ಮ ಕಡೆ ಹೊಲಕ್ಕೆ ಸಾತ್‌ಬಾರಾ ಉತಾರ ಇದ್ದಂತೆ, ನಿಮ್ಮ ಕಡೆ ಪಟ್ಟಯ ಇದ್ದಂತೆ, ಅದಕ್ಕೆ ಆ ಹಾಡು. ಗಡಿಯಿಲ್ಲದ ಹಕ್ಕಿಯಂತೆ! ಬೆಳಗಾಗೆದ್ದು ಅದು ಮಾಡುವ ಮೊದಲ ಕೆಲಸವೇ ಗಡಿ ಕಾಯುವುದು.

ಬೀಸಾಡಿ ಬರುವ ವಲಸೆ ಹಕ್ಕಿಗಳು ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇವೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಗುಲಾಬಿ ಮೈಯ ಕಬ್ಬಕ್ಕಿಗಳು ಮೋಡ ಬಂದಂತೆ ನಮ್ಮ ಜೋಳದ ಹೊಲಗಳಿಗೆ ಇಳಿಯುತ್ತವೆ. ಮರಾಠಿಯಲ್ಲಿ ಭೋರಡಿ ಎನ್ನುತ್ತಾರೆ. ಆದರೆ ಅವೂ ವಿಳಾಸವಿಲ್ಲದ ಅಲೆಮಾರಿಗಳಲ್ಲ. ಬೂದು ಸಿಪಿಲೆ ಎಂಬ ಬಾಲ ಕುಣಿಸುವ ಹಕ್ಕಿ ಹಿಮಾಲಯದ ಆಚೆಯಿಂದ ಬಂದು ಮುಂಬಯಿಯ ಒಂದೇ ಒಂದು ಹುಲ್ಲುಹಾಸಿಗೆ ವರ್ಷ ವರ್ಷವೂ ಮರಳುತ್ತಿದ್ದುದನ್ನು ಸಲೀಂ ಅಲಿ ಅದರ ಕಾಲಿಗೆ ಉಂಗುರ ತೊಡಿಸಿ ಕಂಡುಕೊಂಡರು. ಸಾವಿರಾರು ಮೈಲಿ ಹಾರಿದ್ದು ಒಂದು ಅಂಗಳವನ್ನು ಸೇರಲಿಕ್ಕೆ. ಹೆಚ್ಚು ಹಾರುವ ಹಕ್ಕಿಗೆ ಎರಡು ಮನೆ ಬೇಕು, ಅಷ್ಟೇ ವ್ಯತ್ಯಾಸ. ಎರಡರಲ್ಲಿ ಒಂದು ಹೋದರೂ ಅದು ಹೋಯಿತು.

ಮನೆ ಹೋದರೆ ಹಕ್ಕಿಗೆ ಏನಾಗುತ್ತದೆ ಎಂಬುದನ್ನು ನಿಚ್ಚಳವಾಗಿ ತಿಳಿಯಬೇಕಾದರೆ ದ್ವೀಪಗಳಿಗೆ ಹೋಗಬೇಕು. ದೊಡ್ಡ ನಾಡಿನಲ್ಲಿ ಐವತ್ತು ವರ್ಷಗಳಲ್ಲಿ ಮರೆಯಲ್ಲಿ ನಡೆಯುವುದು ದ್ವೀಪದಲ್ಲಿ ಕಣ್ಣೆದುರಿಗೆ ನಡೆದುಬಿಡುತ್ತದೆ. ನಾನು ಹೋದವನಲ್ಲ; ಮಿರಜ ಜಂಕ್ಷನ್ನಿನಿಂದ ದ್ವೀಪಗಳಿಗೆ ಗಾಡಿಯಿಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ.

ನಮ್ಮ ಮಡಿವಾಳ ಹಕ್ಕಿಯ ದಾಯಾದಿಯೊಂದು ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿದೆ. ಮೈಯೆಲ್ಲ ಹೊಳೆಯುವ ಕಪ್ಪು, ರೆಕ್ಕೆಯ ಮೇಲೊಂದು ಬಿಳಿ ಪಟ್ಟೆ. ಅಲ್ಲಿಯ ಹಳೆಯ ಕಾಡಿನಲ್ಲಿ ಉದುರಿದ ತರಗೆಲೆಯ ಅಡಿಯಿಂದ ಹುಳ ಹೆಕ್ಕಿ ತಿನ್ನುವುದು ಅದರ ಜೀವನ. ಅಲ್ಲಿ ಬೆಕ್ಕಿರಲಿಲ್ಲ, ಇಲಿಯಿರಲಿಲ್ಲ, ಹಾವಿನ ಕಾಟವೂ ಇಲ್ಲದ ಹಾಗೆ. ಹೆದರಬೇಕಾದ ಪ್ರಾಣಿಯೇ ಇಲ್ಲದ ಕಡೆ ಹೆದರಿಕೆ ಉಳಿಯುವುದಿಲ್ಲ. ಮಣ್ಣು ಅಗೆಯುವವನ ಹಿಂದೆ ಹಿಂದೆಯೇ ನಡೆದು ಹುಳ ಆಯುವಷ್ಟು ಸಲಿಗೆ ಅದಕ್ಕೆ. ನಮ್ಮದು ನಾಲ್ಕೈದು ಮೊಟ್ಟೆಯಿಟ್ಟರೆ ಅದು ಇಡುವುದು ಸಾಮಾನ್ಯವಾಗಿ ಒಂದೇ. ಸಾಯುವವರು ಕಡಿಮೆ ಇರುವಲ್ಲಿ ಹುಟ್ಟುವವರೂ ಕಡಿಮೆ ಸಾಕು, ಇದು ದ್ವೀಪದ ಲೆಕ್ಕ. ಮನುಷ್ಯ ಬಂದ. ಕಾಡು ಕಡಿದು ತೆಂಗು ಹಾಕಿದ, ಬೆಕ್ಕು ತಂದ. ಕಾಸರಗೋಡಿನವರು ತೆಂಗನ್ನು ದೂರಿದರೆ ಬೇಸರಿಸಬಾರದು, ತೆಂಗಿನ ತೋಟವೂ ಹಸಿರೇ, ದೂರದಿಂದ ನೋಡಿದರೆ ಕಾಡಿನಷ್ಟೇ ಚೆಂದ. ಆದರೆ ಗುಡಿಸಿದಂತಿರುವ ತೋಟದ ನೆಲದಲ್ಲಿ ಆ ಹಕ್ಕಿಗೆ ಬೇಕಾದ ತರಗೆಲೆಯಿಲ್ಲ, ಹುಳವಿಲ್ಲ. 1970ರ ಹೊತ್ತಿಗೆ ಲೋಕದಲ್ಲಿ ಉಳಿದದ್ದು ಇಪ್ಪತ್ತಕ್ಕೂ ಕಡಿಮೆ, ಅವೆಲ್ಲ ಫ್ರಿಗೇಟ್ ಎಂಬ ಒಂದೇ ಸಣ್ಣ ದ್ವೀಪದಲ್ಲಿ. ಆಮೇಲೆ ಬೆಕ್ಕುಗಳನ್ನು ತೆಗೆದು, ಗೂಡಿನ ಪೆಟ್ಟಿಗೆ ಕಟ್ಟಿ, ಕಾಡಿನ ಗಿಡಗಳನ್ನು ಮತ್ತೆ ನೆಟ್ಟು, ಇಲಿ ಬೆಕ್ಕು ಇಲ್ಲದ ಬೇರೆ ದ್ವೀಪಗಳಿಗೂ ಒಯ್ದು ಸಾಕಿದ್ದರಿಂದ ಈಗ ಕೆಲವು ನೂರು ಇವೆ. ಒಯ್ಯುವ ಮೊದಲು ಆ ದ್ವೀಪಗಳಲ್ಲಿ ಅದಕ್ಕೆ ಬದುಕಲು ಬೇಕಾದದ್ದನ್ನು ಒದಗಿಸಿದರು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

"ರೆಕ್ಕೆಯಿದೆಯಲ್ಲ, ಹಾರಿಕೊಂಡು ಬೇರೆಡೆ ಹೋಗಬಾರದಿತ್ತೆ?" ಎನ್ನುವವರಿಗೆ ನಮ್ಮದೇ ದೇಶದ ನಾರ್ಕೊಂಡಮ್ ಉತ್ತರ ಕೊಡುತ್ತದೆ. ಅಂಡಮಾನಿನ ಪೂರ್ವಕ್ಕೆ, ಉಳಿದ ದ್ವೀಪಗಳಿಂದ ನೂರು ಕಿಲೋಮೀಟರಿಗೂ ದೂರ, ಸಮುದ್ರದ ನಡುವೆ ಎದ್ದು ನಿಂತ ಜ್ವಾಲಾಮುಖಿ ಗುಡ್ಡ. ಎಲ್ಲ ಸೇರಿ ಏಳು ಚದರ ಕಿಲೋಮೀಟರಿಗೂ ಕಡಿಮೆ. ಸಾಂಗಲಿಯಿಂದ ಮಿರಜಿಗೆ ಬರುವ ದಾರಿಯ ಅರ್ಧದಷ್ಟೂ ಅದರ ಉದ್ದವಿಲ್ಲ. ಅಲ್ಲೊಂದು ಮಂಗಟ್ಟೆ ಹಕ್ಕಿಯಿದೆ. ಎ. ಓ. ಹ್ಯೂಮ್ 1873ರಲ್ಲಿ ಲೋಕಕ್ಕೆ ಪರಿಚಯಿಸಿದ್ದು. ಕಾಂಗ್ರೆಸ್ಸು ಕಟ್ಟಿದ ಹ್ಯೂಮನೇ. ಆತನಿಗೆ ಹಕ್ಕಿಗಳ ಹುಚ್ಚು ಅದಕ್ಕೂ ಮೊದಲಿನದು. ಗಂಡಿನ ಕತ್ತು ಕಂದುಗೆಂಪು, ಹೆಣ್ಣಿನದು ಕಪ್ಪು. ಹೆಣ್ಣು ಮರದ ಪೊಟರೆ ಹೊಕ್ಕು ಬಾಗಿಲನ್ನು ಒಳಗಿನಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ಹೊರಬರುವಷ್ಟು ಸೀಳು ಮಾತ್ರ ಬಿಟ್ಟು. ಮರಿ ಬೆಳೆಯುವ ತನಕ ಗಂಡು ಅತ್ತಿಯ ಜಾತಿಯ ಹಣ್ಣುಗಳನ್ನು ಆಯ್ದು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಉಗುಳಿದ, ಹಿಕ್ಕೆ ಹಾಕಿದ ಬೀಜಗಳಿಂದಲೇ ಗುಡ್ಡದ ಕಾಡು ಬೆಳೆಯುತ್ತದೆ. ಈ ಜಾತಿಯ ಹಕ್ಕಿಗಳೆಲ್ಲ ಸೇರಿ ಸುಮಾರು ಒಂದು ಸಾವಿರ. ಆ ಒಂದು ಗುಡ್ಡ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲಿಯೂ ಇಲ್ಲ. ರೆಕ್ಕೆಯೇನೋ ಬಲವಾಗಿಯೇ ಇದೆ. ಆದರೂ ಅದರ ನೆಲೆ ಅದೊಂದೇ.

ಅಲ್ಲಿಯೂ ನಾವು ಸುಮ್ಮನಿರಲಿಲ್ಲ. ಪೊಲೀಸ್ ಠಾಣೆ ಮಾಡಿದರು, ಊಟಕ್ಕೆಂದು ಆಡು ಬಿಟ್ಟರು, ಆಡುಗಳು ಹೆಚ್ಚಿ ಕಾಡಿನ ಸಸಿಗಳನ್ನು ಮೇದವು, ಆಮೇಲೆ ಆಡುಗಳನ್ನು ಹಿಡಿಸಿ ಸಾಗಿಸಬೇಕಾಯಿತು. ರಡಾರ್ ಬೇಕೆಂದು ಕೇಳಿದಾಗ 2012ರಲ್ಲಿ ಪರಿಸರ ಸಚಿವಾಲಯ ಒಲ್ಲೆನೆಂದಿತು, 2014ರಲ್ಲಿ ಆಗಲೆಂದಿತು. (ಮಲೆಯಾಳದ ಕವಿಗಳಿಗೂ ಒಂದು ಮಾತು. ನಿಮ್ಮ ವೇಳಾಂಬಲ್ ಮಳೆಹನಿಗಾಗಿ ಬಾಯಿಬಿಟ್ಟು ಕಾಯುವುದಿಲ್ಲ. ಅದಕ್ಕೆ ಬೇಕಾದ ನೀರು ಬಹುಪಾಲು ಹಣ್ಣಿನಲ್ಲೇ ಸಿಗುತ್ತದೆ. ಅದು ಕಾಯುತ್ತಿರುವುದು ಪೊಟರೆಯಿರುವ ಹಳೆಯ ಮರಕ್ಕೆ.)

ಡೋಡೋ ಹಕ್ಕಿಯ ಕತೆ ಎಲ್ಲರಿಗೂ ಗೊತ್ತು, ಹೆಚ್ಚು ಹೇಳುವುದಿಲ್ಲ. ಡಚ್ಚರು ಮಾರಿಷಸ್ಸಿಗೆ ಬಂದದ್ದು 1598ರಲ್ಲಿ. ಇನ್ನು ಎಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದನ್ನು ಕಂಡವರ ಸಾಕ್ಷ್ಯಗಳೂ ನಿಂತುಹೋದವು. ಹಂದಿ, ಇಲಿ, ಕೋತಿಗಳನ್ನು ತಂದು ಬಿಟ್ಟು ನೆಲದ ಮೇಲಿನ ಮೊಟ್ಟೆಗಳನ್ನು ತಿನ್ನಿಸಿದವರು ಕಡೆಗೆ ಹೆಸರಿಟ್ಟದ್ದು ಏನೆಂದು? ಡೋಡೋ ಎಂದರೆ ಪೆದ್ದ! ಕಳೆದುಕೊಂಡವನನ್ನೇ ದಡ್ಡನೆನ್ನುವ ಈ ಪದ್ಧತಿ ಭಾಷಾ ಅಲ್ಪಸಂಖ್ಯಾತರಾದ ನಮಗೆ ಹೊಸದೇನಲ್ಲ.

ಈಗ ನಡೆಯುತ್ತಿರುವ ಸಂಗತಿಗೆ ಬರುತ್ತೇನೆ. ನಿಕೋಬಾರಿನಲ್ಲಿ ಮೆಗಾಪೋಡ್ ಎಂಬ ಕೋಳಿಗಾತ್ರದ ಹಕ್ಕಿಯಿದೆ. ಅದು ಕಾವು ಕೊಡುವುದಿಲ್ಲ. ಕಡಲ ದಂಡೆಯ ಕಾಡಿನಲ್ಲಿ ದೊಡ್ಡ ಕಾಲುಗಳಿಂದ ಮರಳು, ಹವಳದ ಚೂರು, ತರಗೆಲೆಗಳನ್ನು ಕೆದರಿ ಗುಡ್ಡೆ ಹಾಕುತ್ತದೆ; ಮೊಟ್ಟೆಗಳನ್ನು ಅದರಲ್ಲಿ ಹುಗಿಯುತ್ತದೆ. ನಮ್ಮ ತಿಪ್ಪೆ ಬಿಸಿಯಾಗುವಂತೆ ಕೊಳೆಯುವ ಎಲೆಯ ಬಿಸಿ, ಮೇಲಿನ ಬಿಸಿಲು ಸೇರಿ ಮರಿ ಮಾಡುತ್ತವೆ. ಮರಿ ತಾನೇ ತೋಡಿಕೊಂಡು ಹೊರಬಂದು, ತಾಯಿಯ ಮುಖವನ್ನೂ ನೋಡದೆ ಕಾಡಿಗೆ ಓಡುತ್ತದೆ. ಇಷ್ಟು ಸ್ವತಂತ್ರವಾದ ಮರಿ ಇನ್ನೊಂದು ಹಕ್ಕಿಕುಲದಲ್ಲಿಲ್ಲ. ಆದರೆ ಆ ಸ್ವಾತಂತ್ರ್ಯ ನಿಂತಿರುವುದು ಒಂದು ಗುಡ್ಡೆ ಮಣ್ಣಿನ ಮೇಲೆ, ಅದೂ ದಂಡೆಯ ಹತ್ತಿರದ ಸರಿಯಾದ ಹದದ ಮಣ್ಣು. 2004ರ ಡಿಸೆಂಬರ್ 26ರ ಸುನಾಮಿ ಆ ಗುಡ್ಡೆಗಳನ್ನು ಬಳಿದುಕೊಂಡು ಹೋಯಿತು. ತೊಂಬತ್ತರ ದಶಕದ ಲೆಕ್ಕಕ್ಕೆ ಹೋಲಿಸಿದರೆ ಶೇಕಡಾ 70ರಷ್ಟು ಇಳಿತ ಕಂಡಿತು. ಉಳಿದವು ಚೇತರಿಸಿಕೊಳ್ಳುತ್ತಿರುವಾಗಲೇ, 1997ರಲ್ಲಿ ಘೋಷಿಸಿದ್ದ ಗಲಾಥಿಯಾ ಕೊಲ್ಲಿಯ ಅಭಯಾರಣ್ಯವನ್ನು 2021ರ ಜನವರಿಯಲ್ಲಿ ಪಟ್ಟಿಯಿಂದ ತೆಗೆದರು. ಅಲ್ಲಿ ಬಂದರು ಬರಬೇಕು. 2022ರ ನವೆಂಬರಿನಲ್ಲಿ ಗ್ರೇಟ್ ನಿಕೋಬಾರಿನ ಬಂದರು, ವಿಮಾನ ನಿಲ್ದಾಣ, ಪಟ್ಟಣಗಳಿಗೆ ಪರಿಸರ ಅನುಮತಿ ಸಿಕ್ಕಿತು. ಸುಮಾರು 130 ಚದರ ಕಿಲೋಮೀಟರು ಕಾಡಿನ ಮಾತು. ಹಕ್ಕಿಗೇನು ಮಾಡಿದರು? ಮೆಂಚಾಲ್ ಎಂಬ ಬೇರೊಂದು ದ್ವೀಪವನ್ನು ಮೆಗಾಪೋಡ್ ಅಭಯಾರಣ್ಯವೆಂದು ಘೋಷಿಸಿದರು. ಇಲ್ಲಿಯ ಗೂಡುನೆಲಕ್ಕೆ ಬದಲಾಗಿ ಅಲ್ಲೊಂದು ಬೋರ್ಡು. ಗಲಾಥಿಯಾದ ಹಕ್ಕಿಗೆ ಈ ಆಜ್ಞೆಯನ್ನು ಯಾರು ಓದಿ ಹೇಳುತ್ತಾರೋ! ದೇಶಕ್ಕೆ ಬಂದರು ಬೇಡವೆ ಎಂದರೆ ಬೇಕು. ಬೇಕಿದ್ದರೆ "ಬಂದರಿಗಾಗಿ ಈ ಹಕ್ಕಿಯ ನೆಲ ಕಸಿಯುತ್ತಿದ್ದೇವೆ" ಎಂದು ನೇರವಾಗಿ ಹೇಳಲಿ. "ಅದು ಅಲ್ಲಿಗೆ ಹೋಗುತ್ತದೆ" ಎಂಬ ಸಮಾಧಾನದ ಮಾತು ಬೇಡ. ಶೋಂಪೆನ್, ನಿಕೋಬಾರಿ ಜನರ ನೆಲವೂ ಅದೇ ದ್ವೀಪ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಸಮಾಧಾನವನ್ನು ನಾನು ಮಿರಜಿನಲ್ಲಿ ಕನ್ನಡದಲ್ಲೇ ಕೇಳಿದ್ದೇನೆ. ನಮ್ಮ ಊರ ಹೊರಗೆ ಕಬ್ಬಿನ ಹೊಲದ ನಡುವೆ ಒಂದು ಹಳೆಯ ಬಾವಿ, ಬಾವಿಯ ಮೇಲೆ ಬಾಗಿದ ಜಾಲಿಮರ. ಮಳೆಗಾಲದಲ್ಲಿ ಅದರ ತುಂಬ ಗೀಜಗನ ಗೂಡು. ಗಂಡು ಗೀಜಗ ಕಬ್ಬಿನ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾರುತ್ತಲೇ ಎಳೆಯಾಗಿ ಸೀಳಿಕೊಂಡು ಬಂದು ಹೆಣೆಯುತ್ತದೆ. ಗೂಡು ಅರ್ಧವಾದಾಗ ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಸಂಸಾರ, ಇಲ್ಲದಿದ್ದರೆ ಆ ಗೂಡು ಗಾಳಿಗೆ. ಮರಾಠಿಯಲ್ಲಿ ಇದಕ್ಕೆ ಸುಗರಣ, ಅಂದರೆ ಜಾಣ ಗೃಹಿಣಿ ಎಂಬ ಹೆಸರು. ದುಡಿದವನು ಗಂಡು, ಹೊಗಳಿಕೆ ಹೆಣ್ಣಿಗೆ. ಪರವಾಗಿಲ್ಲ, ಮನುಷ್ಯರಲ್ಲಿ ಇದರ ತಿರುವುಮುರುವು ಸಾಕಷ್ಟು ನಡೆದಿದೆ. ಕೆಳಗೆ ನೀರು, ಮೇಲೆ ಮುಳ್ಳು, ಹತ್ತಿರದಲ್ಲಿ ಕಾಳು: ಮೂರೂ ಕೂಡಿದ ಜಾಗ ಬೇಕು. ಬಾವಿ ಮುಚ್ಚಿ ಜಾಲಿ ಕಡಿಯಲು ಆಳು ಬಂದ ದಿನ ಹೊಲದ ಸಾಹುಕಾರರನ್ನು ಕೇಳಿದೆ. "ಅಲ್ರೀ ಮಾಸ್ತರ್ರ, ಹಕ್ಕಿಗೇನ್ರೀ, ಇಲ್ಲಿ ಇಲ್ಲಂದ್ರ ಅಲ್ಲಿ ಹೋಗಿ ಕೂಡತಾವು," ಎಂದರು. ಒಳ್ಳೆಯ ಮನುಷ್ಯರೇ, ಕನ್ನಡ ಸಂಘಕ್ಕೆ ವರ್ಗಣಿ ಕೊಡುವವರೇ. ಅಲ್ಲಿ ಎಂದರೆ ಎಲ್ಲಿ? ಸುತ್ತಲಿನ ಬಾವಿಗಳು ಬೋರ್‌ವೆಲ್ಲುಗಳಾಗಿ ಎಷ್ಟೋ ವರ್ಷವಾಯಿತು, ದ್ರಾಕ್ಷಿ ತೋಟಕ್ಕೆ ಬಲೆ ಬಿದ್ದಿದೆ, ಜೋಳ ಬಿತ್ತುವವರು ಕಡಿಮೆಯಾಗಿದ್ದಾರೆ.

ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ಶಾಲೆಯ ತರಗತಿ ಮುಚ್ಚುವ ಮಾತು ಬಂದಾಗ ನಾವು ನಾಲ್ಕೈದು ಪಾಲಕರ ಜೊತೆ ಒಬ್ಬ ಅಧಿಕಾರಿಯ ಬಳಿ ಹೋಗಿದ್ದೆವು. ಊರು, ಹೆಸರು ಬೇಡ. "ಮಕ್ಕಳು ಎಲ್ಲಿ ಹಾಕಿದರೂ ಹೊಂದಿಕೊಳ್ಳುತ್ತವೆ, ಹಕ್ಕಿಗಳ ಹಾಗೆ" ಎಂದರು. 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕೆನ್ನುತ್ತದೆ ಎಂದು ನಾವು ಹೇಳಿದೆವು. ಅವರು ಚಹ ತರಿಸಿದರು. ಹಕ್ಕಿಯ ಉಪಮೆ ಕವಿಯ ಬಾಯಿಂದ ಅಧಿಕಾರಿಯ ಬಾಯಿಗೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ ನೋಡಿ. ಮಹಾಜನ ವರದಿಯ ಮಾತು ನಾನು ಎತ್ತುವುದಿಲ್ಲ; ಅದಕ್ಕೆ ಈ ಸಂಚಿಕೆಯಲ್ಲಿ ಬೇರೆ ಲೇಖಕರು ಇದ್ದೇ ಇರುತ್ತಾರೆ. ಗಡಿ ಎಲ್ಲಿ ಬಿದ್ದರೂ ಅದರ ಎರಡೂ ಕಡೆ ಮಕ್ಕಳಿಗೆ ಅವರ ಮಾತಿನ ಒಂದು ತರಗತಿ ಬೇಕು ಎನ್ನುವುದಷ್ಟೇ ನನ್ನ ತಕರಾರು. ಬೆಳಗಾವಿಯ ಮರಾಠಿ ಮಗುವಿಗೂ, ಕಾಸರಗೋಡಿನ ಕನ್ನಡ ಮಗುವಿಗೂ, ಜತ್ತ ತಾಲೂಕಿನ ಹಳ್ಳಿಯ ಮಗುವಿಗೂ.

ನನ್ನ ವಾದವನ್ನು ತಿರುಚುವವರು ಇದ್ದಾರೆಂದು ಬಲ್ಲೆ. "ಹಾಗಾದರೆ ನೆಲದ ಹಕ್ಕಿ, ಹೊರಗಿನ ಹಕ್ಕಿ ಎಂದು ವಿಂಗಡಿಸೋಣ, ನೀವೇ ಇಲ್ಲಿ ಹೊರಗಿನವರು" ಎನ್ನುತ್ತಾರೆ. ಮಾರಿಷಸ್ಸಿನಲ್ಲಿ ನಮ್ಮ ಬೀದಿಯ ಗಿಳಿ ಹೊರಗಿನ ಹಕ್ಕಿಯೇ ಹೌದು; ಅಲ್ಲಿಯ ಮೂಲದ ಗಿಳಿ 1980ರ ದಶಕದಲ್ಲಿ ಬೆರಳೆಣಿಕೆಗೆ ಇಳಿದಾಗ ಅದರ ಪೊಟರೆಗಳಿಗೆ ಈ ಗಿಳಿಯೂ ಪೈಪೋಟಿಗೆ ನಿಂತಿತ್ತು. ನಮ್ಮ ಗೊರವಂಕವೂ ಎಷ್ಟೋ ದ್ವೀಪಗಳಲ್ಲಿ ಉಪದ್ರವವೆನಿಸಿಕೊಂಡಿದೆ. ಆದರೆ ಅವನ್ನು ಪಂಜರದಲ್ಲಿ ಹಾಕಿ ಹಡಗೇರಿಸಿದವನು ಮನುಷ್ಯ. ಗೊರವಂಕ ಟಿಕೇಟು ತೆಗೆಸಿರಲಿಲ್ಲ. ಇನ್ನು ಮನುಷ್ಯರಲ್ಲಿ ಕನ್ನಡಿಗ ಒಂದು ಜಾತಿಯ ಜೀವಿ, ಮರಾಠಿಗ ಇನ್ನೊಂದು ಎನ್ನುವ ಮೂರ್ಖತನ ನನಗಿಲ್ಲ. ನನ್ನ ಸೊಸೆ ಮರಾಠಿಯವಳು, ಮೊಮ್ಮಗಳಿಗೆ ಎರಡೂ ಬರುತ್ತವೆ. ಶಿಲಾಹಾರರ ಕಾಲದ ಕನ್ನಡ ಶಾಸನಗಳಲ್ಲಿ ಮಿರಜು ಮಿರಿಂಜೆ ಎಂದು ಬರುತ್ತದೆ. ಅದನ್ನು ಹೇಳಿಕೊಂಡು ಯಾರನ್ನೂ ಎಬ್ಬಿಸಬೇಕಾದ್ದಿಲ್ಲ, ನಮ್ಮನ್ನೂ ಯಾರೂ ಎಬ್ಬಿಸಬೇಕಾದ್ದಿಲ್ಲ. ಹಕ್ಕಿಯಿಂದ ಮನುಷ್ಯನಿಗೆ ನಾನು ತರುವುದು ಒಂದೇ ಮಾತು: ಜೀವಕ್ಕೆ ಜಾಗ ಬೇಕು, ಯಾವುದೋ ಜಾಗವಲ್ಲ. ಅದರಾಚೆ ಈ ಉಪಮೆಯನ್ನು ಎಳೆಯಬಾರದು.

ನಮ್ಮವರನ್ನೂ ಬಿಡುವ ಹಾಗಿಲ್ಲ. ಎರಭೂತ ಎಂಬ ಹೆಸರು ಕೇಳಿದ್ದೀರಾ ಎಂದು ನಮ್ಮ ಯುವಕ ಮಂಡಳಿಯಲ್ಲಿ ಕೇಳಿದರೆ ದೆವ್ವದ ಸಿನಿಮಾ ಎಂದುಕೊಂಡರು. ಎರೆಭೂಮಿಯ ಹುಲ್ಲುಬಯಲಿನಲ್ಲಿ ಸೊಂಟದೆತ್ತರ ನಿಲ್ಲುತ್ತಿದ್ದ ಹಕ್ಕಿ ಅದು, ಮರಾಠಿಯಲ್ಲಿ ಮಾಳಢೋಕ. ಒಂದು ಹೆಸರಿನಲ್ಲಿ ಎರೆಮಣ್ಣು, ಇನ್ನೊಂದರಲ್ಲಿ ಮಾಳದ ಬಯಲು; ಅದರ ವಿಳಾಸವನ್ನು ಎರಡು ಭಾಷೆಗಳೂ ಹೆಸರಿನಲ್ಲೇ ಬರೆದಿಟ್ಟಿವೆ. ಸೊಲ್ಲಾಪುರದ ಬಳಿ ನಾನ್ನಜದಲ್ಲಿ ಅದಕ್ಕಾಗಿ 1979ರಲ್ಲಿ ಅಭಯಾರಣ್ಯ ಮಾಡಿದರು. ಈಗ ಅಲ್ಲಿ ಒಂದನ್ನು ಕಂಡರೆ ಪತ್ರಿಕೆಯಲ್ಲಿ ಸುದ್ದಿ. ಹಕ್ಕಿ ಹೋದ ಮೇಲೆ ಹೆಸರು ಹೆಚ್ಚು ದಿನ ಬಾಳುವುದಿಲ್ಲ. ನಮ್ಮ ಕವಿಗಳು ಮಾತ್ರ ಮಿರಜಿನಲ್ಲಿ ಕುಳಿತು ಯಾರೂ ಕಾಣದ ರಾಜಹಂಸದ ಮೇಲೆ ಷಟ್ಪದಿ ಬರೆಯುತ್ತಾರೆ, ಬಾಗಿಲ ಮುಂದಿನ ಮಡಿವಾಳ ಹಕ್ಕಿಗೆ ಒಂದು ಸಾಲು ಇಲ್ಲ.

ಸಂಪಾದಕರಲ್ಲಿ ಒಂದು ವಿನಂತಿ. ಮುಂದಿನ ವರ್ಷ ಗಡಿಯಿಲ್ಲದ ಹಕ್ಕಿಯ ಕವಿತೆಗಳಿಗೆ ಮೀಸಲಿಡುವ ಎರಡು ಪುಟಗಳನ್ನು ಹಕ್ಕಿಗಳ ಹೆಸರುಗಳಿಗೆ ಕೊಡಿ. ಕನ್ನಡ, ಮಲೆಯಾಳ, ತುಳು, ಮರಾಠಿ ಯಾವುದಾದರೂ ಆಗಲಿ. ಹೆಸರಿನ ಪಕ್ಕದಲ್ಲಿ ಅದನ್ನು ಯಾವ ಊರಿನಲ್ಲಿ, ಯಾವ ಮರದಲ್ಲಿ, ಯಾವ ತಿಂಗಳು ಕಂಡಿರಿ ಎಂಬುದೂ ಬರಲಿ. ಮಿರಜಿನ ಕಡೆಯಿಂದ ನನ್ನ ಪಟ್ಟಿಯಲ್ಲಿ ಸದ್ಯ ಮೂವತ್ತೊಂದು ಇವೆ. ಅವುಗಳಲ್ಲಿ ಹನ್ನೊಂದಕ್ಕೆ ಮಲೆಯಾಳದ ಹೆಸರು ಇನ್ನೂ ಸಿಕ್ಕಿಲ್ಲ. ಬಲ್ಲವರು ಸಂಪಾದಕರಿಗೆ ಒಂದು ಕಾರ್ಡು ಬರೆದರೂ ಸಾಕು.